ಶ್ರೀಮತಿ ಎಸ್. ಅವರ ಇಪ್ಪತ್ತೆಂಟು ವರ್ಷ

ದಾಖಲೆಯಲ್ಲಿ ರೋಗಿಯ ಹೆಸರಿಗೆ ಒಂದೇ ಅಕ್ಷರ: ಎಸ್. ಮದುವೆಯಾದ ಹೆಂಗಸು, ವಯಸ್ಸು 46. ವರ್ಷ 1891, ಚಿಕಿತ್ಸೆ ನಡೆದ ಊರು ಇಂಗ್ಲೆಂಡಿನ ಈಶಾನ್ಯ ಮೂಲೆಯ ನ್ಯೂಕ್ಯಾಸಲ್.

ನಾಲ್ಕೈದು ವರ್ಷಗಳಿಂದ ಆಕೆ ನಿಧಾನವಾಗುತ್ತಾ ಬಂದಿದ್ದರು. ಮೊದಲು ಕೆಲಸದಲ್ಲಿ ಆಸಕ್ತಿ ಹೋಯಿತು, ಆಮೇಲೆ ನಡಿಗೆ ನಿಧಾನವಾಯಿತು, ಕೊನೆಗೆ ಮಾತೂ ನಿಧಾನವಾಯಿತು. ಮುಖ, ಕೈ ದಪ್ಪಗಾದವು. ಚರ್ಮ ಒಣಗಿತು, ಬೆವರು ನಿಂತಿತು, ಕೂದಲು ಉದುರಿತು. ಚಳಿ ತಡೆಯಲಾಗುತ್ತಿರಲಿಲ್ಲ. ದೇಹದ ಶಾಖ 96 ಡಿಗ್ರಿ ಫ್ಯಾರನ್‌ಹೀಟಿನ ಆಚೀಚೆಯೇ ಇರುತ್ತಿತ್ತು. ಮುಟ್ಟು ನಿಂತಿತ್ತು. ಹೊರಗೆ ಹೋಗಿ ಹೊಸಬರ ಎದುರು ನಿಲ್ಲಲು ಹೆದರಿಕೆ. ಊದಿದ ಜಾಗವನ್ನು ಬೆರಳಿನಿಂದ ಒತ್ತಿದರೆ ಕಾಲು ಊದಿದವರಲ್ಲಿ ಬೀಳುವಂಥ ಕುಳಿ ಬೀಳುತ್ತಿರಲಿಲ್ಲ. ಕುತ್ತಿಗೆ ಮುಟ್ಟಿ ನೋಡಿದರೆ ಥೈರಾಯ್ಡ್ ಗ್ರಂಥಿ ಕೈಗೆ ಸಿಗುತ್ತಿರಲಿಲ್ಲ.

ಈ ಪಟ್ಟಿಯನ್ನು ಇಂದು ಯಾವುದೇ ತಾಲೂಕು ಕೇಂದ್ರದ ವೈದ್ಯರ ಮುಂದಿಟ್ಟರೂ ಅರ್ಧ ಓದುವಷ್ಟರಲ್ಲಿ ರಕ್ತಪರೀಕ್ಷೆಗೆ ಚೀಟಿ ಬರೆಯುತ್ತಾರೆ. 1891ರಲ್ಲಿ ಕಾಯಿಲೆಗೆ ಹೆಸರಿತ್ತು, ಮಿಕ್ಸೆಡೀಮಾ ಎಂದು. ಮದ್ದು ಇರಲಿಲ್ಲ. ಇಂಥ ರೋಗಿಗಳು ವರ್ಷದಿಂದ ವರ್ಷಕ್ಕೆ ಮಂಕಾಗಿ, ಹಾಸಿಗೆ ಹಿಡಿದು ಸಾಯುತ್ತಿದ್ದರು. ಕೆಲವರು ಮತಿಭ್ರಮಣೆಯಾಗಿ ಹುಚ್ಚಾಸ್ಪತ್ರೆ ಸೇರುತ್ತಿದ್ದರು. ‘ಹಾರ್ಮೋನು’ ಎಂಬ ಪದವೇ ಆಗ ಇರಲಿಲ್ಲ, ಅದು ಹುಟ್ಟಿದ್ದು 1905ರಲ್ಲಿ.

ನಾನು ವೈದ್ಯೆ. ಮೂರು ದಶಕಗಳಿಂದ ಥೈರಾಯ್ಡ್ ತೊಂದರೆಯ ಹೆಣ್ಣುಮಕ್ಕಳನ್ನು ನೋಡುತ್ತಾ ಬಂದಿದ್ದೇನೆ. ಶ್ರೀಮತಿ ಎಸ್. ಅವರ ಕತೆಯನ್ನು ನನ್ನ ರೋಗಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಗ್ರಂಥಿಯೊಂದು ಕೆಟ್ಟರೆ ದೇಹದಲ್ಲಿ ಏನಾಗುತ್ತದೆ, ಕೆಟ್ಟದ್ದರ ಜಾಗ ತುಂಬುವುದೆಂದರೇನು, ಅದನ್ನು ಎಷ್ಟು ದಿನ ತುಂಬುತ್ತಿರಬೇಕು ಎಂಬ ಮೂರಕ್ಕೂ ಇಷ್ಟು ಸ್ಪಷ್ಟವಾದ ಉತ್ತರ ಕೊಡುವ ಪ್ರಕರಣ ಇನ್ನೊಂದು ನನಗೆ ಸಿಕ್ಕಿಲ್ಲ.

ಅಲ್ಲಿಯವರೆಗೆ ಗೊತ್ತಿದ್ದದ್ದು

ಲಂಡನ್ನಿನ ವಿಲಿಯಂ ಗಲ್ ಎಂಬ ವೈದ್ಯ 1873ರಲ್ಲಿ ನಡುವಯಸ್ಸಿನ ಹೆಂಗಸರಲ್ಲಿ ಬರುವ ಈ ಜಡತೆಯನ್ನು ವಿವರಿಸಿದ್ದರು. ವಿಲಿಯಂ ಓರ್ಡ್ ಇದಕ್ಕೆ ಹೆಸರಿಟ್ಟರು. ಶವಪರೀಕ್ಷೆಯಲ್ಲಿ ಚರ್ಮದಡಿ ಲೋಳೆಯಂಥ ವಸ್ತು ತುಂಬಿದ್ದನ್ನು ಕಂಡು, ಲೋಳೆಯ ಬಾವು ಎಂಬರ್ಥ ಬರುವಂತೆ ಇಟ್ಟ ಹೆಸರು ಅದು. ಒತ್ತಿದರೆ ಕುಳಿ ಬೀಳದಿರುವ ಗುಟ್ಟೂ ಅಲ್ಲೇ ಇದೆ. ಸಕ್ಕರೆಯ ಸರಪಣಿಯಂಥ ದೊಡ್ಡ ಅಣುಗಳು ಚರ್ಮದಲ್ಲಿ ಸೇರಿಕೊಂಡು ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಥೈರಾಯ್ಡ್ ಹಾರ್ಮೋನು ಸಾಕಷ್ಟು ಇದ್ದಾಗ ಅವು ಕರಗಿ ಹೋಗುತ್ತಿರುತ್ತವೆ, ಇಲ್ಲದಾಗ ಉಳಿದುಬಿಡುತ್ತವೆ.

ಇದಕ್ಕೆಲ್ಲ ಕುತ್ತಿಗೆಯ ಗ್ರಂಥಿಯೇ ಕಾರಣ ಎಂದು ತೋರಿಸಿಕೊಟ್ಟದ್ದು ಮಾತ್ರ ಶಸ್ತ್ರವೈದ್ಯರು. ಅದೂ ತಿಳಿಯದೆ ಮಾಡಿದ ಹಾನಿಯಿಂದ. ಸ್ವಿಟ್ಜರ್ಲೆಂಡಿನ ಕಣಿವೆಗಳಲ್ಲಿ ಆಗ ಗಳಗಂಡ ಮನೆಮನೆಯ ಕಾಯಿಲೆ. ಬರ್ನ್ ನಗರದ ಥಿಯೋಡರ್ ಕೋಖರ್ ಗಂಡವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದರಲ್ಲಿ ನಿಸ್ಸೀಮರು. ರಕ್ತ ಹೆಚ್ಚು ಹೋಗದಂತೆ, ದನಿಯ ನರಕ್ಕೆ ಪೆಟ್ಟಾಗದಂತೆ ಗ್ರಂಥಿಯನ್ನು ಪೂರ್ತಿ ತೆಗೆಯುತ್ತಿದ್ದರು. 1874ರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಹಾಗೆ ಮಾಡಿದ್ದರು. ಆಕೆಗೂ ತಂಗಿಗೂ ಎಷ್ಟು ಹೋಲಿಕೆಯಿತ್ತೆಂದರೆ ಯಾರು ಯಾರೆಂದು ಗುರುತಿಸುವುದೇ ಕಷ್ಟವಾಗಿತ್ತು. ವರ್ಷಗಳು ಕಳೆದ ಮೇಲೆ ಅಕ್ಕ ತಂಗಿಯರನ್ನು ಒಟ್ಟಿಗೆ ನೋಡಿದಾಗ ತಂಗಿ ಬೆಳೆದ ಚೆಲುವೆ. ಅಕ್ಕ ಮಾತ್ರ ಕುಳ್ಳಾಗಿಯೇ ಉಳಿದು, ಮುಖ ಊದಿ, ಬುದ್ಧಿ ಮಂಕಾಗಿದ್ದಳು. ಕೋಖರ್ ತಮ್ಮ ಹಳೆಯ ರೋಗಿಗಳನ್ನೆಲ್ಲ ಮತ್ತೆ ಕರೆಸಿದರು. ಗ್ರಂಥಿ ಪೂರ್ತಿ ಕಳೆದುಕೊಂಡವರಲ್ಲಿ ಬಹುಪಾಲು ಮಂದಿ ಇದೇ ಸ್ಥಿತಿಯಲ್ಲಿದ್ದರು. 1883ರಲ್ಲಿ ಅದನ್ನು ಮುಚ್ಚಿಡದೆ ಸಭೆಯಲ್ಲಿ ಹೇಳಿದರು, ಗಳಗಂಡಕ್ಕಾಗಿ ಇಡೀ ಗ್ರಂಥಿಯನ್ನು ತೆಗೆಯುವುದನ್ನು ಕೈಬಿಟ್ಟರು. ಅವರಿಗೆ 1909ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತಮ್ಮ ಕೈಯಿಂದಾದ ತಪ್ಪನ್ನು ತಾವೇ ಹುಡುಕಿಕೊಂಡು ಹೋಗಿ ಎಣಿಸಿದ್ದಕ್ಕೆ ನಾನು ಅವರನ್ನು ಅದಕ್ಕಿಂತ ಹೆಚ್ಚು ಗೌರವಿಸುತ್ತೇನೆ.

ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್‌ಲಿ ಕೋತಿಗಳ ಥೈರಾಯ್ಡ್ ತೆಗೆದು ಅವೂ ಹೀಗೇ ಆಗುವುದನ್ನು ಕಂಡರು. 1888ರಲ್ಲಿ ಲಂಡನ್ನಿನ ವೈದ್ಯರ ಸಮಿತಿಯೊಂದು ವರದಿ ಕೊಟ್ಟಿತು: ಕಣಿವೆಯಲ್ಲಿ ಹುಟ್ಟಿನಿಂದ ಮಂಕಾಗಿರುವ ಮಕ್ಕಳದ್ದು, ಶಸ್ತ್ರಕ್ರಿಯೆಯ ನಂತರ ಮಂಕಾದವರದ್ದು, ನಡುವಯಸ್ಸಿನಲ್ಲಿ ತಾನಾಗಿ ಮಂಕಾದವರದ್ದು ಎಲ್ಲವೂ ಒಂದೇ ಕೊರತೆ, ಥೈರಾಯ್ಡಿನ ಕೊರತೆ.

ಹಾಗಾದರೆ ಇಲ್ಲದ್ದನ್ನು ಕೊಟ್ಟರೆ? 1890ರಲ್ಲಿ ಲಿಸ್ಬನ್ನಿನ ಇಬ್ಬರು ವೈದ್ಯರು ಕುರಿಯ ಥೈರಾಯ್ಡಿನ ಅರ್ಧ ಭಾಗವನ್ನು ರೋಗಿಯೊಬ್ಬಳ ಎದೆಯ ಚರ್ಮದಡಿ ಇಟ್ಟು ಹೊಲಿದರು. ಮಾರನೆಯ ದಿನದಿಂದಲೇ ಆಕೆ ಚೇತರಿಸಿಕೊಳ್ಳತೊಡಗಿದಳು. ಒಂದು ದಿನದಲ್ಲಿ ಹೊಸ ಗ್ರಂಥಿಗೆ ರಕ್ತನಾಳ ಕೂಡಿಕೊಂಡು ಅದು ಕೆಲಸ ಶುರುಮಾಡುವುದು ಸಾಧ್ಯವೇ ಇಲ್ಲ. ಅಂದರೆ ಗುಣ ತಂದದ್ದು ಬದುಕಿದ ಗ್ರಂಥಿಯಲ್ಲ, ಅದರೊಳಗಿಂದ ಒಸರಿದ ರಸ.

ಚುಚ್ಚುಮದ್ದು

ಜಾರ್ಜ್ ರೆಡ್‌ಮೇಯ್ನ್ ಮರ್ರೆ ಅವರಿಗೆ ಆಗ ಇಪ್ಪತ್ತೈದು ವರ್ಷ. ಹಾರ್ಸ್‌ಲಿಯವರ ಶಿಷ್ಯ, ನ್ಯೂಕ್ಯಾಸಲ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದವರು. ರಸವೇ ಸಾಕಾದರೆ ಹೊಲಿಗೆ ಏಕೆ, ಸೂಜಿಯಲ್ಲಿ ಕೊಡಬಹುದಲ್ಲ ಎಂದು ಯೋಚಿಸಿದರು. 1891ರ ಫೆಬ್ರವರಿಯಲ್ಲಿ ಅಲ್ಲಿನ ವೈದ್ಯರ ಸಂಘದ ಮುಂದೆ ಹೇಳಿದಾಗ, ಇದು ಬೆನ್ನುಹುರಿಯ ಕಾಯಿಲೆಗೆ ಬೆನ್ನುಹುರಿಯನ್ನೇ ಅರೆದು ಚುಚ್ಚಿದಂತಾಯಿತು ಎಂದು ಹಿರಿಯರೊಬ್ಬರು ತಳ್ಳಿಹಾಕಿದರು.

ಆ ಮಾತನ್ನು ಬರೀ ಮೊಂಡುತನವೆನ್ನಲು ನನಗೆ ಮನಸ್ಸಾಗುವುದಿಲ್ಲ. ಎರಡೇ ವರ್ಷದ ಹಿಂದೆ, 1889ರಲ್ಲಿ, ಪ್ಯಾರಿಸ್ಸಿನ ಹೆಸರಾಂತ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ತಮ್ಮ 72ನೇ ವಯಸ್ಸಿನಲ್ಲಿ ಪ್ರಾಣಿಗಳ ವೃಷಣದ ರಸವನ್ನು ತಾವೇ ಚುಚ್ಚಿಕೊಂಡು ಹರೆಯ ಮರಳಿತೆಂದು ಸಾರಿದ್ದರು. ಅದನ್ನು ನಂಬಿ ಊರೂರಲ್ಲಿ ರಸ ಮಾರಾಟ ನಡೆದಿತ್ತು. ಅದರಲ್ಲಿ ನಿಜವೇನೂ ಇರಲಿಲ್ಲ. ವೃಷಣ ಹಾರ್ಮೋನನ್ನು ಕೂಡಿಡುವುದಿಲ್ಲ, ತಯಾರಾದಂತೆಲ್ಲ ರಕ್ತಕ್ಕೆ ಬಿಟ್ಟುಬಿಡುತ್ತದೆ. ಇದ್ದ ಚೂರೂ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಗ್ರಂಥಿಯ ರಸ ಎಂದೊಡನೆ ವೈದ್ಯರು ಹುಬ್ಬು ಗಂಟಿಕ್ಕುವುದು ಸಹಜವಾಗಿತ್ತು.

ಮರ್ರೆ ಬಿಡಲಿಲ್ಲ. ಆಗ ತಾನೇ ಕೊಂದ ಕುರಿಯ ಥೈರಾಯ್ಡಿನ ಒಂದು ಹಾಲೆ ತೆಗೆದು, ಸಣ್ಣಗೆ ಹೆಚ್ಚಿ, ಗ್ಲಿಸರಿನ್ ಮತ್ತು ತೆಳುವಾದ ಕಾರ್ಬಾಲಿಕ್ ಆಮ್ಲ ಬೆರೆಸಿ ಒಂದು ದಿನ ಇಟ್ಟರು. ಕುದಿಸಿ ಶುದ್ಧಮಾಡಿದ ಕರವಸ್ತ್ರದಲ್ಲಿ ಹಾಕಿ ಹಿಂಡಿದರು. ಸುಮಾರು ಮೂರು ಮಿಲಿಲೀಟರ್ ಮಸುಕು ಗುಲಾಬಿ ದ್ರವ ಬಂತು. 1891ರ ಏಪ್ರಿಲ್ 13ರಂದು ಶ್ರೀಮತಿ ಎಸ್. ಅವರಿಗೆ ಅದರ ಮೊದಲ ಚುಚ್ಚುಮದ್ದು. ಮೊದಮೊದಲು ವಾರಕ್ಕೆರಡು ಸಲ ಕೊಟ್ಟರು, ಆಮೇಲೆ ಎರಡು ಮೂರು ವಾರಕ್ಕೊಮ್ಮೆ.

ಮೂರು ತಿಂಗಳಲ್ಲಿ ಮುಖದ ಬಾವು ಇಳಿಯಿತು. ಮಾತು ಚುರುಕಾಯಿತು, ನಡಿಗೆ ಸುಲಭವಾಯಿತು. ಮೊದಲಿನಷ್ಟು ಚಳಿಯಾಗುತ್ತಿರಲಿಲ್ಲ. ನಿಂತಿದ್ದ ಮುಟ್ಟು ಮತ್ತೆ ಬಂತು. ಅಕ್ಟೋಬರ್ 10ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಮರ್ರೆ ಇದನ್ನೆಲ್ಲ ಬರೆದರು.

ಇದೇ ಗ್ರಂಥಿ ಏಕೆ?

ಇಲ್ಲಿ ನಾನು ತುಸು ನಿಲ್ಲಬೇಕು. ನಾಯಿಯ ಮೇದೋಜೀರಕ ಗ್ರಂಥಿ ತೆಗೆದರೆ ಸಕ್ಕರೆ ಕಾಯಿಲೆ ಬರುತ್ತದೆಂದು 1889ರಲ್ಲೇ ಗೊತ್ತಾಗಿತ್ತು. ಆದರೂ ಇನ್ಸುಲಿನ್ ರೋಗಿಯ ಮೈಗೆ ಇಳಿದದ್ದು 1922ರಲ್ಲಿ. ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಥೈರಾಯ್ಡಿಗೆ ಮಾತ್ರ ಕರವಸ್ತ್ರ ಮತ್ತು ಗ್ಲಿಸರಿನ್ ಸಾಕಾಯಿತು. ಮರ್ರೆಯವರ ಬುದ್ಧಿವಂತಿಕೆ ದೊಡ್ಡದೇ, ಅದರ ಜೊತೆಗೆ ಈ ಗ್ರಂಥಿಯ ಮೂರು ಗುಣಗಳು ಅವರ ಕೈ ಹಿಡಿದವು. ಅವರಿಗೆ ಆಗ ಅವುಗಳ ಅರಿವಿರಲು ಸಾಧ್ಯವಿರಲಿಲ್ಲ.

ಥೈರಾಯ್ಡ್ ಒಂದು ಕಣಜ. ಬೇರೆ ನಿರ್ನಾಳ ಗ್ರಂಥಿಗಳು ದಿನದ ಸಂಪಾದನೆ ದಿನಕ್ಕೆ ಎಂಬಂತೆ ನಡೆದರೆ, ಇದು ತನ್ನ ಸಣ್ಣ ಸಣ್ಣ ಚೀಲಗಳಲ್ಲಿ ಅಂಟಿನಂಥ ಪ್ರೋಟೀನಿಗೆ ಹಾರ್ಮೋನನ್ನು ಪೋಣಿಸಿ ಎರಡು ಮೂರು ತಿಂಗಳಿಗಾಗುವಷ್ಟು ಕೂಡಿಡುತ್ತದೆ. ಹಾರ್ಮೋನಿಗೆ ಅಯೋಡಿನ್ ಬೇಕು. ಥೈರಾಯ್ಡಿನ ಎರಡು ಹಾರ್ಮೋನುಗಳಲ್ಲಿ ಟಿ4ಗೆ ನಾಲ್ಕು ಪರಮಾಣು, ಟಿ3ಗೆ ಮೂರು. ಮಣ್ಣು ನೀರಿನಲ್ಲಿ ಅಯೋಡಿನ್ ಎಂದಿಗೂ ನಂಬಿಕಸ್ಥ ಸರಕಲ್ಲ, ಸಿಕ್ಕಾಗ ಕಟ್ಟಿಟ್ಟುಕೊಳ್ಳಬೇಕು. ಹಾಗಾಗಿ ಸತ್ತ ಕುರಿಯ ಒಂದು ಹಾಲೆಯಲ್ಲೂ ಮರ್ರೆಯವರಿಗೆ ಸಾಕಾಗುವಷ್ಟು ದಾಸ್ತಾನಿತ್ತು. ಮೇದೋಜೀರಕದಲ್ಲಾದರೋ ಅರೆದ ಕೂಡಲೇ ಅದರದ್ದೇ ಜೀರ್ಣರಸ ಇನ್ಸುಲಿನ್ನನ್ನು ತಿಂದುಹಾಕುತ್ತಿತ್ತು.

ಎರಡನೆಯದು, ಟಿ4 ರಕ್ತದಲ್ಲಿ ಬಹಳ ಕಾಲ ನಿಲ್ಲುತ್ತದೆ. ಸೇರಿದ್ದರಲ್ಲಿ ಅರ್ಧ ಕರಗಲು ಸುಮಾರು ಏಳು ದಿನ ಬೇಕು. ಇನ್ಸುಲಿನ್ನಿಗೆ ಕೆಲವೇ ನಿಮಿಷ. ಎರಡು ವಾರಕ್ಕೊಂದು ಚುಚ್ಚುಮದ್ದಿನಲ್ಲಿ ಶ್ರೀಮತಿ ಎಸ್. ನಡೆದಾಡಿಕೊಂಡಿದ್ದರೆ ಅದಕ್ಕೆ ಇದೇ ಕಾರಣ. ಇವತ್ತು ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಆರು ವಾರ ಬಿಟ್ಟು ರಕ್ತ ಪರೀಕ್ಷಿಸಿ ಎನ್ನುವುದಕ್ಕೂ ಇದೇ ಕಾರಣ. ಹೊಸ ಮಟ್ಟಕ್ಕೆ ರಕ್ತ ಬಂದು ನಿಲ್ಲಲು ಅಷ್ಟು ದಿನ ಬೇಕು. ಹತ್ತು ದಿನಕ್ಕೇ ಪರೀಕ್ಷೆ ಮಾಡಿಸಿಕೊಂಡು ಬಂದು ಬೇಜಾರಾಗುವವರಿಗೆ ನಾನು ಇದನ್ನೇ ಹೇಳುವುದು.

ಮೂರನೆಯದು ಮರುವರ್ಷವೇ ಹೊರಬಿತ್ತು. ಲಂಡನ್ನಿನಲ್ಲಿ ಹೆಕ್ಟರ್ ಮೆಕೆಂಜಿ, ಪ್ಲಿಮತ್‌ನಲ್ಲಿ ಫಾಕ್ಸ್ ಎಂಬ ವೈದ್ಯರು ಬೇರೆ ಬೇರೆಯಾಗಿ, ಥೈರಾಯ್ಡನ್ನು ತಿನ್ನಿಸಿದರೂ ಕೆಲಸವಾಗುತ್ತದೆಂದು ಕಂಡುಕೊಂಡರು. ಫಾಕ್ಸ್ ತಮ್ಮ ರೋಗಿಗೆ ಅದನ್ನು ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯೊಂದಿಗೆ ಕೊಟ್ಟರಂತೆ. ಟಿ4 ಪುಟ್ಟ ಅಣು, ಹೊಟ್ಟೆಯ ಆಮ್ಲಕ್ಕೆ ಮುರಿಯದೆ ಕರುಳಿನಿಂದ ರಕ್ತ ಸೇರುತ್ತದೆ. ಇನ್ಸುಲಿನ್ ನುಂಗಿದರೆ ಊಟದ ಪ್ರೋಟೀನಿನಂತೆ ಜೀರ್ಣವಾಗಿ ಹೋಗುತ್ತದೆ. ಅಂದಿನಿಂದ ಶ್ರೀಮತಿ ಎಸ್. ಅವರಿಗೂ ಸೂಜಿ ತಪ್ಪಿತು, ಬಾಯಿಗೆ ಹನಿಮದ್ದು ಶುರುವಾಯಿತು.

ದನಿ ಏರಿಸುವ ಗ್ರಂಥಿ

ಆ ಹೆಂಗಸಿನ ದೇಹದೊಳಗೆ ಆ ಐದು ವರ್ಷ ನಡೆದದ್ದೇನು? ಆಗ ಅಳೆಯುವ ದಾರಿ ಇರಲಿಲ್ಲ, ಇವತ್ತಿನ ತಿಳಿವಳಿಕೆಯಿಂದ ಹೇಳಬಹುದು. ಮಿದುಳಿನ ತಳದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ತಗ್ಗಿದರೆ ಅದರ ಮೇಲಿನ ಹೈಪೊಥಲಾಮಸ್ ಎಂಬ ಮಿದುಳಿನ ಭಾಗ ಸೂಚನೆ ಕೊಡುತ್ತದೆ, ಪಿಟ್ಯುಟರಿ ಟಿಎಸ್‌ಎಚ್ ಎಂಬ ಹಾರ್ಮೋನನ್ನು ಸುರಿಸಿ ಥೈರಾಯ್ಡನ್ನು ಕೆಲಸಕ್ಕೆ ಕರೆಯುತ್ತದೆ. ಹಾರ್ಮೋನು ಸಾಕಷ್ಟಾದಾಗ ಕರೆ ನಿಲ್ಲುತ್ತದೆ. ಆಕೆಯ ಥೈರಾಯ್ಡ್ ಸುಕ್ಕಿಹೋಗಿತ್ತು. ಕರೆದಾಗ ಓಗೊಡದಿದ್ದರೆ ಕರೆಯುವವರ ದನಿ ಏರುತ್ತದಲ್ಲ, ಹಾಗೆ ಪಿಟ್ಯುಟರಿ ಐದು ವರ್ಷ ದನಿ ಏರಿಸುತ್ತಲೇ ಇದ್ದಿರಬೇಕು. ಟಿ4 ಅರ್ಧಕ್ಕಿಳಿದರೆ ಟಿಎಸ್‌ಎಚ್ ಹತ್ತಾರು ಪಟ್ಟು ಏರಬಲ್ಲದು. ಅದಕ್ಕೇ ಕೊರತೆಯನ್ನು ಮೊದಲು ಪತ್ತೆಹಚ್ಚಲು ನಾವು ಟಿಎಸ್‌ಎಚ್ ನೋಡುವುದು.

ನಮ್ಮಲ್ಲಿ ದೊಡ್ಡ ಗೊಂದಲ ಹುಟ್ಟುವುದೂ ಇಲ್ಲೇ. ರಿಪೋರ್ಟಿನಲ್ಲಿ ಟಿಎಸ್‌ಎಚ್ 40 ಎಂದಿದ್ದರೆ “ಥೈರಾಯ್ಡ್ ತುಂಬಾ ಜಾಸ್ತಿ ಆಗಿದೆಯಂತೆ ಮೇಡಂ” ಎಂದು ಹೇಳಿಕೊಂಡು ಬರುತ್ತಾರೆ. ಜಾಸ್ತಿಯಾಗಿರುವುದು ಕರೆ, ಕಡಿಮೆಯಾಗಿರುವುದು ಹಾರ್ಮೋನು.

ಆಕೆಯ ಗ್ರಂಥಿ ಏಕೆ ಸುಕ್ಕಿತು ಎಂಬುದಕ್ಕೆ ದಾಖಲೆಯಲ್ಲಿ ಉತ್ತರವಿಲ್ಲ. ಅಯೋಡಿನ್ ಸಿಗುವ ಕಡೆಗಳಲ್ಲಿ ನಡುವಯಸ್ಸಿನ ಹೆಂಗಸರಿಗೆ ಹೀಗಾಗುವುದು ಹೆಚ್ಚಾಗಿ ದೇಹದ ರಕ್ಷಣಾ ಪಡೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುವುದರಿಂದ. ಜಪಾನಿನ ಹಕಾರು ಹಶಿಮೊಟೊ 1912ರಲ್ಲಿ ಆ ಜಾತಿಯ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬಣ್ಣಿಸಿದರು. ಶ್ರೀಮತಿ ಎಸ್. ಅವರದ್ದೂ ಅದೇ ಬಗೆಯದೆಂದು ನನ್ನ ಊಹೆ.

ಮರಳಿ ಬಂದ ಮುಟ್ಟಿನ ವಿಷಯ ನನಗೆ ಬಹಳ ಇಷ್ಟ. ಮರ್ರೆ ಅಂಡಾಶಯಕ್ಕೆ ಏನೂ ಕೊಟ್ಟಿರಲಿಲ್ಲ. ಕೊಟ್ಟದ್ದು ಕುತ್ತಿಗೆಯ ಗ್ರಂಥಿಯ ರಸ, ಚೇತರಿಸಿದ್ದು ಕಿಬ್ಬೊಟ್ಟೆಯ ಗ್ರಂಥಿ. ಥೈರಾಯ್ಡ್ ತಗ್ಗಿದಾಗ ಹೈಪೊಥಲಾಮಸ್ ಕೊಡುವ ಸೂಚನೆ ಟಿಎಸ್‌ಎಚ್ ಒಂದನ್ನೇ ಅಲ್ಲ, ಎದೆಹಾಲಿಗೆ ಸಂಬಂಧಿಸಿದ ಪ್ರೊಲ್ಯಾಕ್ಟಿನನ್ನೂ ಏರಿಸಬಲ್ಲದು. ಅದು ಏರಿದರೆ ಅಂಡಾಶಯಕ್ಕೆ ಹೋಗುವ ಕರೆ ಕುಗ್ಗುತ್ತದೆ. ಗ್ರಂಥಿಗಳು ಒಂದೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿಲ್ಲ. ಮಕ್ಕಳಾಗಲಿಲ್ಲವೆಂದು ಬರುವ ಹೆಣ್ಣುಮಕ್ಕಳಿಗೆ ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟಾಗ ಅತ್ತೆಯಂದಿರು “ಅದಕ್ಕೂ ಇದಕ್ಕೂ ಏನು ಸಂಬಂಧ?” ಎಂದು ಕೇಳುತ್ತಾರೆ. ಸಂಬಂಧ ಇದು.

ಆಮೇಲಿನ ವರ್ಷಗಳು

ಶ್ರೀಮತಿ ಎಸ್. ಬದುಕಿದರು. ಐದಲ್ಲ, ಹತ್ತಲ್ಲ, ಮೊದಲ ಚುಚ್ಚುಮದ್ದಿನಿಂದ 28 ವರ್ಷ. 1919ರಲ್ಲಿ, 74ನೇ ವಯಸ್ಸಿನಲ್ಲಿ, ಹೃದಯ ಸೋತು ತೀರಿಕೊಂಡರು. ಮರ್ರೆ ಅವರನ್ನು ಅಲ್ಲಿಯವರೆಗೂ ಕಣ್ಣಿಟ್ಟು ನೋಡಿಕೊಂಡಿದ್ದರು. 1920ರಲ್ಲಿ ಆಕೆಯ ಪೂರ್ತಿ ಚರಿತ್ರೆಯನ್ನು ಅದೇ ಪತ್ರಿಕೆಯಲ್ಲಿ ಬರೆದರು. ಒಟ್ಟು ಆಕೆ ತೆಗೆದುಕೊಂಡದ್ದು ಒಂಬತ್ತು ಪಿಂಟಿಗೂ ಹೆಚ್ಚು, ಅಂದರೆ ಸುಮಾರು ಐದು ಲೀಟರ್ ಥೈರಾಯ್ಡ್ ರಸ. ಅದಕ್ಕೆ ಬೇಕಾದದ್ದು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು.

ಐದು ಲೀಟರನ್ನು 28 ವರ್ಷಕ್ಕೆ ಹಂಚಿ ನೋಡಿದರೆ ದಿನಕ್ಕೆ ಅರ್ಧ ಮಿಲಿಲೀಟರು. ಕೆಲವೇ ಹನಿ. ಆ ಹನಿಗಳಲ್ಲಿದ್ದ ನಿಜವಾದ ಹಾರ್ಮೋನು ಇನ್ನೂ ಎಷ್ಟೋ ಕಡಿಮೆ. ಆರೋಗ್ಯವಂತ ಥೈರಾಯ್ಡ್ ದಿನಕ್ಕೆ ಬಿಡುವ ಟಿ4 ಸುಮಾರು 100 ಮೈಕ್ರೋಗ್ರಾಂ, ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಮನುಷ್ಯನೊಬ್ಬ ಮಾತಾಡುವ ವೇಗ, ಎದ್ದು ಹೊರಗೆ ಹೋಗುವ ಮನಸ್ಸು, ಮೈಯ ಬಿಸಿ ಎಲ್ಲ ಅಷ್ಟರ ಮೇಲೆ ನಿಂತಿರುವುದು ಇಷ್ಟು ವರ್ಷದ ಮೇಲೂ ನನ್ನನ್ನು ಬೆರಗುಗೊಳಿಸುತ್ತದೆ.

ಈ ಚರಿತ್ರೆಯಲ್ಲಿ ನಾನು ನನ್ನ ರೋಗಿಗಳಿಗೆ ಬೆರಳಿಟ್ಟು ತೋರಿಸುವ ಜಾಗ ಒಂದಿದೆ. 1891ರ ಜುಲೈಗೆ ಆಕೆ ಗುಣವಾದರು ಎಂದು ಬರೆದಿದೆ. 1892ರಲ್ಲೂ ಮದ್ದು ನಡೆದಿತ್ತು, 1900ರಲ್ಲೂ, 1918ರಲ್ಲೂ. ಗುಣವಾದದ್ದು ಆಕೆ, ಗ್ರಂಥಿಯಲ್ಲ. ಸುಕ್ಕಿದ ಗ್ರಂಥಿ ಸುಕ್ಕಿಯೇ ಇತ್ತು. ಜ್ವರದ ಮಾತ್ರೆ ಕಾಯಿಲೆಯ ಜೊತೆ ಹೋರಾಡಿ ಮುಗಿಸುತ್ತದೆ ಎಂಬ ಎಣಿಕೆಯಲ್ಲೇ ನಾವೆಲ್ಲ ಬೆಳೆದಿದ್ದೇವೆ. ಇದು ಹೋರಾಡುವ ಮದ್ದೇ ಅಲ್ಲ. ದೇಹ ತಾನೇ ಮಾಡಿಕೊಳ್ಳಬೇಕಿದ್ದ ವಸ್ತುವನ್ನು ಹೊರಗಿನಿಂದ ದಿನದ ಪಾಲಿನಂತೆ ಕೊಡುವುದು. ಹೆರಿಗೆಯ ನಂತರ ಕೆಲವು ತಿಂಗಳು ಬಂದು ಹೋಗುವ ಥೈರಾಯ್ಡ್ ತೊಂದರೆಯಂಥ ಕೆಲವು ಸಂದರ್ಭಗಳಲ್ಲಿ ವೈದ್ಯರೇ ಮಾತ್ರೆ ನಿಲ್ಲಿಸಿ ನೋಡುವುದುಂಟು. ಗ್ರಂಥಿ ಪೂರ್ತಿ ಸೋತವರಿಗೆ ಆ ಮಾತಿಲ್ಲ.

ಹೋದ ಮಳೆಗಾಲದಲ್ಲಿ ಐವತ್ತು ದಾಟಿದ ಗೃಹಿಣಿಯೊಬ್ಬರು ಬಂದಿದ್ದರು. ನಾಲ್ಕು ವರ್ಷದಿಂದ ಮಾತ್ರೆಯಲ್ಲಿದ್ದವರು. ರಿಪೋರ್ಟ್ ನಾರ್ಮಲ್ ಬಂತೆಂದು ಮಾತ್ರೆಯ ಬಾಟಲಿ ಎತ್ತಿಟ್ಟು ಏಳು ತಿಂಗಳಾಗಿತ್ತು. ಮೊದಲ ಎರಡು ಮೂರು ವಾರ ಏನೂ ಆಗಲಿಲ್ಲವಂತೆ, ಅದೇ ಅವರಿಗೆ ಧೈರ್ಯ ಕೊಟ್ಟಿತ್ತು. ಏಳು ದಿನಕ್ಕೆ ಅರ್ಧ ಕರಗುವ ಹಾರ್ಮೋನು, ಬಿಟ್ಟ ಮಾರನೆಯ ದಿನವೇ ತಿಳಿಯುವುದಿಲ್ಲ. ಈಗ ರೆಪ್ಪೆ ಊದಿತ್ತು, ದನಿ ಗೊಗ್ಗರಾಗಿತ್ತು, ಆಷಾಢದ ಗಾಳಿಗೆ ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದರು. ಮಗಳು ಅವರ ಪಕ್ಕದಲ್ಲಿ ಕೂತು ಎಲ್ಲ ಉತ್ತರ ತಾನೇ ಹೇಳುತ್ತಿದ್ದಳು, ಅಮ್ಮ ಮಾತು ಮುಗಿಸುವಷ್ಟು ತಾಳ್ಮೆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ.

ಅವರಿಗೆ ಶ್ರೀಮತಿ ಎಸ್. ಕತೆ ಹೇಳಿದೆ. ರಿಪೋರ್ಟ್ ನಾರ್ಮಲ್ ಬಂದದ್ದು ಮಾತ್ರೆಯಿಂದಲೇ ಎಂದೆ. ಇಸಿಜಿ ನೋಡಿ, ಹೃದಯಕ್ಕೆ ಒಮ್ಮೆಲೇ ಭಾರವಾಗಬಾರದೆಂದು 25 ಮೈಕ್ರೋಗ್ರಾಮಿನಿಂದ ಮತ್ತೆ ಶುರುಮಾಡಿ, ಆರು ವಾರ ಬಿಟ್ಟು ಬರಲು ಹೇಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ, ಕಾಫಿ ಅರ್ಧ ಗಂಟೆಯಾದರೂ ತಡೆದು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಅವು ಕರುಳಿನಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಂಡುಬಿಡುತ್ತವೆ.

ಅವರು ಎಲ್ಲ ಕೇಳಿಸಿಕೊಂಡು, ಬಹಳ ಹೊತ್ತಿನ ಮೇಲೆ, ಮಗಳು ಬಾಯಿ ತೆರೆಯುವ ಮೊದಲು ತಾವೇ ಕೇಳಿದರು: “ಈ ಮಾತ್ರೆಯಲ್ಲೂ ಕುರಿದೇ ಇರೋದಾ ಮೇಡಂ? ನಾವು ತಿನ್ನಲ್ಲ.”

“ಇಲ್ಲಮ್ಮ. ಆ ಹಾರ್ಮೋನನ್ನ ಪ್ರಯೋಗಶಾಲೇಲಿ ಮಾಡೋದನ್ನ 1927ರಲ್ಲೇ ಕಂಡುಹಿಡಿದಾಯ್ತು. ಇದು ಹಾಗೆ ತಯಾರಾದದ್ದು. ಕುರಿಗೂ ಇದಕ್ಕೂ ಸಂಬಂಧ ಇಲ್ಲ.”

“ಸರಿ ಹಾಗಾದ್ರೆ,” ಎಂದು ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡರು. “ಕಾಫಿ ಅರ್ಧ ಗಂಟೆ ಅಂದ್ರಲ್ಲ?”